ಆಕಾಶದಲ್ಲಿ ಬಾಂಬ್ ಸಿಡಿದರೆ ಮಗ್ಗ ನಿಲ್ಲುತ್ತಾ?

ಕರೆಂಟಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಬಾಗಲಕೋಟೆಯ ನಿವೃತ್ತ ಎಂಜಿನಿಯರ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ. ಇವರು 31 ವರ್ಷ ಸಬ್‌ಸ್ಟೇಷನ್‌ಗಳಲ್ಲಿ ದುಡಿದ ಹೆಣ್ಣುಮಗಳು.

ಪ್ರಶ್ನೆ: ಅಕ್ಕಾವರಿಗೆ ನಮಸ್ಕಾರ. ಮನೆಯಲ್ಲಿ ಎಂಟು ಪವರ್‌ಲೂಮ್ ಇವೆ. ಹೋದ ತಿಂಗಳು ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬಂತು. ವೈರಿ ದೇಶ ಮೇಲೆ ಆಕಾಶದಲ್ಲಿ ಅಣುಬಾಂಬ್ ಸಿಡಿಸಿದರೆ ಒಂದು ಅಲೆ ಬರುತ್ತದಂತೆ. ಯಾರಿಗೂ ಗಾಯ ಆಗಲ್ಲ, ಆದರೆ ಇಡೀ ದೇಶದ ಕರೆಂಟ್ ಒಂದೇ ಏಟಿಗೆ ಹೋಗಿ ವರ್ಷಗಟ್ಟಲೆ ಬರಲ್ಲ ಅಂತ ಹೇಳಿದ್ದಾರೆ. ಕೊನೆಗೆ ಅದನ್ನು ತಡೆಯುವ ಡಬ್ಬಿ ಅಂತ ಒಂದನ್ನು ಹನ್ನೆರಡು ಸಾವಿರಕ್ಕೆ ಮಾರುತ್ತಾರೆ. ಮೀಟರ್ ಪಕ್ಕ ಕೂರಿಸಬೇಕಂತೆ. ನಮ್ಮ ಅಣ್ಣ ತರಿಸೋಣ ಅಂತಾನೆ. ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಇದು ಖರೆನಾ?
– ಒಬ್ಬ ನೇಕಾರ, ಬನಹಟ್ಟಿ

ಉತ್ತರ: ತಮ್ಮಾ, ಡಬ್ಬಿ ತರಿಸಬೇಡಿ. ಮೊದಲು ಇಷ್ಟನ್ನು ಅಣ್ಣನಿಗೆ ಹೇಳಿ ಬನ್ನಿ, ಆಮೇಲೆ ಮುಂದಿನದು ಓದಿ.

ಅಲೆ ಮಾತ್ರ ಖರೆ. ಅದು ಹೀಗೆ ಹುಟ್ಟುತ್ತದೆ. ಬಾಂಬ್ ಗಾಳಿಯೇ ಇಲ್ಲದಷ್ಟು ಎತ್ತರದಲ್ಲಿ ಸಿಡಿಯಬೇಕು. ಅದರಿಂದ ಹೊರಟ ಗಾಮಾ ಕಿರಣಗಳು ಕೆಳಗಿಳಿದು, ನೆಲದಿಂದ 20–40 ಕಿ.ಮೀ. ಮೇಲಿರುವ ಗಾಳಿಗೆ ಬಡಿಯುತ್ತವೆ. ಆ ಏಟಿಗೆ ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳು ಚಿಮ್ಮುತ್ತವೆ. ಭೂಮಿಯ ಕಾಂತಶಕ್ತಿ ಅವನ್ನು ಬಾಗಿಸಿ ತಿರುಗಿಸುತ್ತದೆ. ಹಾಗೆ ತಿರುಗುವಾಗ ಏಳುವ ಜೋರಾದ ರೇಡಿಯೊ ಅಲೆಯೇ ನೀವು ಕೇಳಿದ್ದು. ಬಾಂಬ್ 400 ಕಿ.ಮೀ. ಮೇಲೆ ಸಿಡಿದರೆ, ಸುತ್ತ ಸುಮಾರು 2,200 ಕಿ.ಮೀ. ದೂರದವರೆಗೆ ಅಲೆ ಮುಟ್ಟುತ್ತದೆ. ಅದು ಮೈಗೆ ತಾಗಿದರೂ ನಮಗೆ ಗೊತ್ತಾಗಲ್ಲ. ತಂತಿಗೆ ಗೊತ್ತಾಗುತ್ತದೆ.

ಇದು ಬರೀ ಲೆಕ್ಕ ಅಲ್ಲ, ನಡೆದದ್ದು. 1962ರ ಜುಲೈನಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಮೇಲೆ 400 ಕಿ.ಮೀ. ಎತ್ತರದಲ್ಲಿ ಒಂದು ಬಾಂಬ್ ಸಿಡಿಸಿತು. ಆ ಪರೀಕ್ಷೆಯ ಹೆಸರು ಸ್ಟಾರ್‌ಫಿಶ್ ಪ್ರೈಮ್. ಸುಮಾರು 1,400 ಕಿ.ಮೀ. ದೂರದ ಹವಾಯಿಯಲ್ಲಿ ಮುನ್ನೂರರಷ್ಟು ಬೀದಿದೀಪ ಆರಿದವು. ಕಳ್ಳರ ಅಲಾರಂಗಳು ತಾವೇ ಕೂಗಿದವು. ಆದರೆ ಉಳಿದ ದೀಪಗಳು ಉರಿಯುತ್ತಲೇ ಇದ್ದವು. ನಿಮ್ಮ ವಿಡಿಯೊದವರು ಈ ಅರ್ಧ ಬಿಟ್ಟಿದ್ದಾರೆ ಅಲ್ವಾ? ಅದೇ ವರ್ಷ ಅಕ್ಟೋಬರ್‌ನಲ್ಲಿ ಸೋವಿಯತ್ ರಷ್ಯಾ ಕಜಾಕಸ್ತಾನದ ಮೇಲೆ ಇಂಥದ್ದೇ ಪರೀಕ್ಷೆ ಮಾಡಿತು. ಅಲ್ಲಿ ಏಟು ಜಾಸ್ತಿ ಬಿತ್ತು. 570 ಕಿ.ಮೀ. ಉದ್ದದ ಟೆಲಿಫೋನ್ ಲೈನಿನ ಫ್ಯೂಸ್‌ಗಳು ಸುಟ್ಟವು. ನೆಲದಡಿ ಹೂತಿದ್ದ ಉದ್ದನೆಯ ಪವರ್ ಕೇಬಲ್ ಕೂಡ ಕೆಟ್ಟು ನಿಂತಿತು. 1963ರಲ್ಲಿ ಒಪ್ಪಂದ ಆದ ಮೇಲೆ ಅಂತರಿಕ್ಷದಲ್ಲಿ ಯಾರೂ ಬಾಂಬ್ ಸಿಡಿಸಿಲ್ಲ.

ಈಗ ನಿಮ್ಮ ಮಗ್ಗಕ್ಕೆ ಬರೋಣ. ಈ ಏಟಿಗೆ ಮೂರು ಹಂತ. ಮೊದಲನೆಯದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತದೆ. ಅದು ಎಲೆಕ್ಟ್ರಾನಿಕ್ ಸಾಮಾನಿಗೆ ಕೆಟ್ಟದ್ದು. ಕಂಪ್ಯೂಟರ್, ಲೈನಿನ ದೋಷ ಗುರುತಿಸುವ ಡಿಜಿಟಲ್ ರಿಲೇ, ಮೋಡೆಮ್ ಇಂಥವಕ್ಕೆ. ಮಗ್ಗದ ಮೋಟರ್ ಅಂದರೆ ಕಬ್ಬಿಣ ಮತ್ತು ತಾಮ್ರದ ಸುತ್ತು. ಅದು ಗಟ್ಟಿ ಜೀವ. ಎರಡನೆಯದು ಸಿಡಿಲಿನಂಥದ್ದು. ಅದಕ್ಕೆ ನಮ್ಮ ಲೈನುಗಳಲ್ಲಿ ಮೊದಲಿನಿಂದಲೂ ಸಿಡಿಲಿನ ಏಟನ್ನು ನೆಲಕ್ಕೆ ಇಳಿಸುವ ಅರೆಸ್ಟರ್ ಇವೆ.

ನನಗೆ ಚಿಂತೆ ಇರುವುದು ಮೂರನೆಯದರ ಬಗ್ಗೆ. ಅದು ನಿಧಾನ, ಸೆಕೆಂಡುಗಳಿಂದ ನಿಮಿಷಗಳವರೆಗೆ ಇರುತ್ತದೆ. ಅದು ಸಣ್ಣ ಸಾಮಾನನ್ನು ಬಿಟ್ಟು ಉದ್ದ ಲೈನನ್ನೇ ಹಿಡಿಯುತ್ತದೆ. ಲೈನ್ ಉದ್ದ ಆದಷ್ಟೂ ಅದರಲ್ಲಿ ಡಿಸಿಯಂಥ, ಅಂದರೆ ಬ್ಯಾಟರಿಯದರಂತೆ ಒಂದೇ ದಿಕ್ಕಿಗೆ ಹೋಗುವ ಕರೆಂಟ್ ಜಾಸ್ತಿ ಹರಿಯುತ್ತದೆ. ಅದು ಅರ್ಥಿಂಗ್ ಮೂಲಕ ದೊಡ್ಡ ಟ್ರಾನ್ಸ್‌ಫಾರ್ಮರ್ ಹೊಗುತ್ತದೆ. ಎಸಿಗೆ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿಗೆ ಅಂತ ಮಾಡಿದ ಟ್ರಾನ್ಸ್‌ಫಾರ್ಮರ್‌ಗೆ ಡಿಸಿ ಹೊಕ್ಕರೆ ಅದು ಗುಂಯ್ ಅಂತ ನರಳುತ್ತದೆ, ಕಾಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಲೈನ್ ಕಡಿಯುವ ಸ್ವಿಚ್‌ಗಳಾದ ಬ್ರೇಕರ್‌ಗಳು ಒಂದರ ಹಿಂದೆ ಒಂದು ಬೀಳುತ್ತವೆ, ಅಂದರೆ ಕರೆಂಟ್ ಬಂದ್ ಮಾಡುತ್ತವೆ. ನಿಮ್ಮೂರ ಟಿಸಿ, ಅಂದರೆ ಸಣ್ಣ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಬೇರೆ ತಂದು ಕೂರಿಸಬಹುದು. ನೂರಾರು ಟನ್ ತೂಕದ ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಗಲ್ಲ. ಆರ್ಡರ್ ಕೊಟ್ಟು ವರ್ಷಕ್ಕೂ ಜಾಸ್ತಿ ಕಾಯಬೇಕಾಗುತ್ತದೆ. ‘ವರ್ಷಗಟ್ಟಲೆ’ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ.

ಆದರೆ ಎಲ್ಲವೂ ಒಟ್ಟಿಗೆ ಸುಡುತ್ತವಾ? 2019ರಲ್ಲಿ ಅಮೆರಿಕದ ಇಪಿಆರ್‌ಐ ಎಂಬ ವಿದ್ಯುತ್ ಸಂಶೋಧನಾ ಸಂಸ್ಥೆ ಇದನ್ನು ಲೆಕ್ಕ ಹಾಕಿ ವರದಿ ಕೊಟ್ಟಿತು. ಹಲವು ರಾಜ್ಯಗಳಲ್ಲಿ ಒಟ್ಟಿಗೆ ಕರೆಂಟ್ ಹೋಗಬಹುದು, ಇಡೀ ದೇಶದ್ದು ಹೋಗುವ ಸಂಭವ ಇಲ್ಲ, ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು ಸುಡುವುದೂ ಕಡಿಮೆ ಅಂತ ಅದು ಹೇಳಿತು. ಅದು ಅವರ ಗ್ರಿಡ್‌ನ, ಅಂದರೆ ಒಂದಕ್ಕೊಂದು ಕೂಡಿದ ಲೈನುಗಳ ಜಾಲದ ಲೆಕ್ಕ, ನಮ್ಮದಲ್ಲ. ಆದರೂ ವಿಡಿಯೊದ ಮಾತಿಗಿಂತ ನಾನು ಅದನ್ನು ನಂಬುತ್ತೇನೆ.

ಹಾಗಾದರೆ ನಿಜವಾದ ಪ್ರಶ್ನೆ ಯಾವುದು? ಹೋದ ಕರೆಂಟನ್ನು ಮತ್ತೆ ಎಬ್ಬಿಸುವುದು ಹೇಗೆ ಅನ್ನುವುದು.

2012ರ ಜುಲೈ 31 ನನಗೆ ಚೆನ್ನಾಗಿ ನೆನಪಿದೆ. ಆ ದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಕುಸಿದು ಸುಮಾರು 60 ಕೋಟಿ ಜನರಿಗೆ ಕರೆಂಟ್ ಹೋಯಿತು. ಬಾಂಬೂ ಇಲ್ಲ, ಬಿರುಗಾಳಿಯೂ ಇಲ್ಲ. ಲೋಡ್ ಜಾಸ್ತಿಯಾಗಿ ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ಲೈನ್ ತಾನೇ ಬಂದ್ ಆಯಿತು, ಅಷ್ಟೇ. ನಾನು ಡ್ಯೂಟಿಯಲ್ಲಿ ಮೀಟರ್ ನೋಡುತ್ತಾ ನಿಂತಿದ್ದೆ. ನಮ್ಮ ಕಡೆ ದೀಪ ಆರಲಿಲ್ಲ, ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆ ಇತ್ತು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಬಂದು ನಾವೂ ಕೂಡಿಕೊಂಡೆವು. ಕೂಡಿದ್ದು ಒಳ್ಳೆಯದೇ, ಬರಗಾಲದಲ್ಲಿ ಹೊರಗಿನ ಕರೆಂಟ್ ಬರುತ್ತದೆ. ಆದರೆ ಈಗ ಒಬ್ಬರು ಜಾರಿದರೆ ಇನ್ನೊಬ್ಬರ ಕೈಯೂ ಎಳೆಯುತ್ತದೆ.

ಎಲ್ಲ ಆರಿದ ಮೇಲೆ ಎಬ್ಬಿಸುವ ಕೆಲಸಕ್ಕೆ ನಾವು ಬ್ಲ್ಯಾಕ್ ಸ್ಟಾರ್ಟ್ ಅನ್ನುತ್ತೇವೆ. ವಿಜಯಪುರ ಜಿಲ್ಲೆಯ ಕೂಡಗಿ ಸ್ಥಾವರ 2,400 ಮೆಗಾವ್ಯಾಟ್‌ನದು. ಆದರೆ ಕಲ್ಲಿದ್ದಲು ಪುಡಿ ಮಾಡಲು, ಫ್ಯಾನ್ ತಿರುಗಿಸಲು, ನೀರು ಎತ್ತಲು ಅಂಥ ಸ್ಥಾವರಕ್ಕೇ ಮೊದಲು ಕರೆಂಟ್ ಬೇಕು. ನೀರಿನ ಪವರ್‌ಹೌಸ್‌ಗೆ ಅಷ್ಟು ಬೇಡ. ಗೇಟ್ ತೆರೆದರೆ ನೀರೇ ಟರ್ಬೈನ್ ತಿರುಗಿಸುತ್ತದೆ. ಸಣ್ಣ ಡೀಸೆಲ್ ಜನರೇಟರ್ ಇದ್ದರೆ ಸಾಕು. ಹಾಗಾಗಿ ಸಾಮಾನ್ಯವಾಗಿ ನೀರಿನ ಪವರ್‌ಹೌಸ್ ಮೊದಲು ಏಳುತ್ತದೆ, ಅದರ ಕೈ ಹಿಡಿದು ಕಲ್ಲಿದ್ದಲಿನದು ಏಳುತ್ತದೆ. ಒಂದೊಂದೇ ಊರಿನ ಲೋಡ್ ಸೇರಿಸುತ್ತಾ, ಕರೆಂಟಿನ 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತ) ತಪ್ಪದಂತೆ ನೋಡುತ್ತಾ ಹೋಗಬೇಕು. ಈ ಹೊತ್ತಿನಲ್ಲಿ ಸಬ್‌ಸ್ಟೇಷನ್‌ಗಳನ್ನು ಕಾಯುವುದು ಏನು ಗೊತ್ತಾ? ಬ್ಯಾಟರಿ.

ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಕೆಲಸಕ್ಕೆ ಸೇರಿ ಆರನೆಯ ವರ್ಷ. ರೋಹಿಣಿ ಮಳೆ. ರಾತ್ರಿ ಒಂದು ಸ್ಟೇಷನ್ನಿನ ಲೈನಿಗೆ ಸಿಡಿಲು ಬಡಿಯಿತು. ಸಿಡಿಲು ಬಡಿಯುವುದು ಹೊಸದಲ್ಲ. ರಿಲೇ ತನ್ನ ಕೆಲಸ ಮಾಡಿತು. ಆದರೆ ಬ್ರೇಕರ್ ಬೀಳಲೇ ಇಲ್ಲ. ಬ್ರೇಕರ್ ಬೀಳಿಸುವ ಕಾಯಿಲ್‌ಗೆ ಬ್ಯಾಟರಿಯಿಂದ ಡಿಸಿ ಬರಬೇಕು. ಬ್ಯಾಟರಿಯ ಸೆಲ್ಲುಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ತಿಂಗಳುಗಳಾಗಿದ್ದವು. ರಿಜಿಸ್ಟರ್‌ನಲ್ಲಿ ಮಾತ್ರ ವಾರವಾರವೂ ‘ಸರಿ ಇದೆ’ ಅಂತ ಬರೆದಿತ್ತು. ಟ್ರಾನ್ಸ್‌ಫಾರ್ಮರ್ ಎಣ್ಣೆ ಹೊತ್ತಿ ಬೆಳಗಿನವರೆಗೂ ಉರಿಯಿತು. ಬೇರೆ ಟ್ರಾನ್ಸ್‌ಫಾರ್ಮರ್ ಟ್ರೇಲರ್ ಮೇಲೆ ಬರುವಷ್ಟರಲ್ಲಿ ಒಂಬತ್ತು ದಿನ ಆಯಿತು. ಹದಿನಾಲ್ಕು ಹಳ್ಳಿ ಕತ್ತಲಲ್ಲಿದ್ದವು.

ಮೂರನೆಯ ದಿನ ನಾನು ಲೈನ್‌ಮನ್‌ಗಳ ಜೊತೆ ಆ ಹಳ್ಳಿಗಳಿಗೆ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಯಾರೂ ದೀಪದ ಮಾತೇ ಎತ್ತಲಿಲ್ಲ. ಎಲ್ಲರೂ ನೀರು ಕೇಳಿದರು. ಬೋರ್‌ವೆಲ್ ಮೋಟರ್ ನಿಂತಿತ್ತು, ಮೇಲಿನ ಟ್ಯಾಂಕ್ ಖಾಲಿ. ಹೆಣ್ಣುಮಕ್ಕಳು ಎರಡು ಕಿಲೋಮೀಟರ್ ನಡೆದು ಕೊಡ ಹೊತ್ತು ತರುತ್ತಿದ್ದರು. ಒಂದೇ ಒಂದು ಹಳ್ಳಿಯಲ್ಲಿ ಗದ್ದಲ ಇರಲಿಲ್ಲ. ಆ ಊರಿನ ಹಿರಿಯರು ಗುಡಿ ಮುಂದಿನ ಸೇದುವ ಬಾವಿ ಮುಚ್ಚಲು ಬಿಟ್ಟಿರಲಿಲ್ಲ. ರಾಟೆ ಇತ್ತು, ಹಗ್ಗ ಇತ್ತು, ಸಾಲಾಗಿ ಸೇದುತ್ತಿದ್ದರು. ಒಬ್ಬ ಅಜ್ಜಿ ನನಗೂ ಒಂದು ಚರಿಗೆ ನೀರು ಕೊಟ್ಟು, ‘ಕುಡಿ ತಂಗಿ, ಬಿಸಲಾಗ ಬಂದೀ’ ಅಂದರು. ಆ ನೀರಿನ ರುಚಿ ಇನ್ನೂ ಬಾಯಲ್ಲಿದೆ.

ಹಾಗಾಗಿ ನಿಮ್ಮ ಹನ್ನೆರಡು ಸಾವಿರದ ಬಗ್ಗೆ ಹೇಳುತ್ತೇನೆ. ಲೈನಿನಲ್ಲೇ ಕರೆಂಟ್ ಇಲ್ಲದಿದ್ದರೆ ಮೀಟರ್ ಉಳಿದು ಏನು ಮಾಡುತ್ತದೆ? ಅದೇ ಹಣದಲ್ಲಿ ಮನೆಯ ಅರ್ಥಿಂಗ್ ಸರಿ ಮಾಡಿಸಿ. ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದು ಸಿಡಿಲಿಗೆ ಆಗುತ್ತದೆ, ಸಿಡಿಲು ಪ್ರತಿ ವರ್ಷ ಬರುತ್ತದೆ. ಉಳಿದ ಹಣಕ್ಕೆ ನೀರಿನ ದೊಡ್ಡ ಡ್ರಮ್ ತನ್ನಿ. ನಿಮ್ಮ ಓಣಿಯವರೆಲ್ಲ ಸೇರಿ, ಊರಿನ ನೀರಿನ ಪಂಪಿಗೆ ಡೀಸೆಲ್ ಜನರೇಟರ್ ಇದೆಯಾ, ಅದು ಚಾಲೂ ಆಗುತ್ತಾ ಅಂತ ನಗರಸಭೆಯಲ್ಲಿ ಕೇಳಿ. ‘ಇದೆ’ ಅಂದರೆ ನಂಬಬೇಡಿ. ನಿಮ್ಮ ಮುಂದೆಯೇ ಚಾಲೂ ಮಾಡಿ ತೋರಿಸಲು ಹೇಳಿ.

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಬಾಂಬ್ ಇಲ್ಲದೆ ಸೂರ್ಯನಿಂದಲೂ ಹೀಗೇ ಆಗುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದರು. ನಮ್ಮ ಕಡೆಗೂ ಆಗಬಹುದಾ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಮಗಳೇ, ಮೇಲೆ ಹೇಳಿದ ಮೂರನೆಯ ಹಂತ ಇದೆಯಲ್ಲ, ಸೂರ್ಯನ ಬಿರುಗಾಳಿಯಿಂದ, ಅಂದರೆ ಅವನಿಂದ ಚಿಮ್ಮಿ ಬರುವ ಕಣಗಳ ಹೊಡೆತದಿಂದ ಆಗುವುದೂ ಬಹಳ ಮಟ್ಟಿಗೆ ಅದೇ. 1989ರ ಮಾರ್ಚ್ 13ರಂದು ಕೆನಡಾದ ಕ್ಯೂಬೆಕ್‌ನಲ್ಲಿ ಗ್ರಿಡ್ ಸುಮಾರು 90 ಸೆಕೆಂಡಿನಲ್ಲಿ ಮಲಗಿತು. 60 ಲಕ್ಷ ಜನ ಒಂಬತ್ತು ತಾಸು ಕತ್ತಲಲ್ಲಿ, ಚಳಿಯಲ್ಲಿ ಕುಳಿತರು. 1859ರಲ್ಲಿ ಇನ್ನೂ ದೊಡ್ಡದು ಬಂದಿತ್ತು. ಆಗ ಇದ್ದ ಉದ್ದ ತಂತಿ ಅಂದರೆ ಟೆಲಿಗ್ರಾಫ್ ಮಾತ್ರ, ಅದೇ ಏಟು ತಿಂದಿತು.

ನಮ್ಮ ಅದೃಷ್ಟ ಅಂದರೆ ನಾವು ಭೂಮಿಯ ಕಾಂತ ಸಮಭಾಜಕದ (ಎರಡು ಕಾಂತ ಧ್ರುವಗಳ ನಡುವಿನ ರೇಖೆ) ಹತ್ತಿರ ಇದ್ದೇವೆ. ಸೂರ್ಯನ ಬಿರುಗಾಳಿ ಧ್ರುವಗಳ ಕಡೆ ಜೋರು, ನಮ್ಮಲ್ಲಿ ಮೆತ್ತಗೆ. ಅದಕ್ಕೇ ವಿಜಯಪುರದಲ್ಲಿ ಕ್ಯೂಬೆಕ್‌ನಂಥದ್ದು ಆಗುವ ಭಯ ಕಡಿಮೆ. ಇನ್ನೊಂದು ಸಮಾಧಾನ, ಸೂರ್ಯ ಮೊದಲೇ ಸುಳಿವು ಕೊಡುತ್ತಾನೆ. ಇಸ್ರೋದ ಆದಿತ್ಯ-ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹೊರಟಿತು. ಈಗ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿದೆ. ಬಾಂಬಿಗೆ ಇಂಥ ಕಾವಲುಗಾರ ಇಲ್ಲ. ನಿಮ್ಮಂಥವರು ಈ ವಿಷಯದಲ್ಲೇ ಮುಂದೆ ಓದಿದರೆ ನನಗೆ ತುಂಬಾ ಸಂತೋಷ. ಗ್ರಿಡ್‌ನ ಕೆಲಸಕ್ಕೆ ಹುಡುಗಿಯರು ಇನ್ನೂ ಸಾಲದು.

ಪ್ರಶ್ನೆ: ಅಂಥ ಬಾಂಬ್ ಬಿದ್ದರೆ ನನ್ನ ಟ್ರ್ಯಾಕ್ಟರ್ ನಿಲ್ಲುತ್ತಾ? ಮೊಬೈಲನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಉಳಿಯುತ್ತಾ?
– ರೈತ, ಅಥಣಿ

ಉತ್ತರ: ಅಮೆರಿಕದಲ್ಲಿ ಇದಕ್ಕಾಗಿ 37 ಕಾರುಗಳನ್ನು ಪರೀಕ್ಷೆಗೆ ಒಡ್ಡಿದ್ದರು. ಎಂಜಿನ್ ಬಂದ್ ಇದ್ದ ಯಾವ ಕಾರಿಗೂ ಏನೂ ಆಗಲಿಲ್ಲ. ಓಡುತ್ತಿದ್ದವುಗಳಲ್ಲಿ ಕೆಲವು ನಿಂತು ಮತ್ತೆ ಸ್ಟಾರ್ಟ್ ಆದವು. ನಿಮ್ಮದು ಹಳೆಯ ಡೀಸೆಲ್ ಟ್ರ್ಯಾಕ್ಟರ್ ಆದರೆ ಇನ್ನೂ ಚಿಂತೆ ಬೇಡ. ಆದರೆ ಬಂಕಿನಲ್ಲಿ ಡೀಸೆಲ್ ಮೇಲೆತ್ತುವ ಪಂಪಿಗೆ ಕರೆಂಟ್ ಬೇಕು, ಅದು ನೆನಪಿರಲಿ.

ಮೊಬೈಲ್ ಸಣ್ಣದು, ಅದಕ್ಕೆ ಉದ್ದ ತಂತಿ ಇಲ್ಲ. ಚಾರ್ಜಿಗೆ ಹಾಕಿರದಿದ್ದರೆ ಅದು ಉಳಿಯಬಹುದು. ಆದರೆ ಟವರ್‌ಗೆ ಕರೆಂಟ್ ಇಲ್ಲದಿದ್ದರೆ ಮೊಬೈಲ್ ಉಳಿದು ಏನು ಪ್ರಯೋಜನ? 2019ರ ಆಗಸ್ಟ್‌ನಲ್ಲಿ ಕೃಷ್ಣಾ ಉಕ್ಕಿದಾಗ ನೀವು ಅಥಣಿಯವರು ಇದನ್ನು ನನಗಿಂತ ಚೆನ್ನಾಗಿ ನೋಡಿದ್ದೀರಿ. ಡಬ್ಬಿಯಲ್ಲಿ ಇಡುವುದಿದ್ದರೆ ಸೆಲ್ ಹಾಕುವ ಒಂದು ಸಣ್ಣ ರೇಡಿಯೊ ಇಡಿ. ಸೆಲ್ ಬೇರೆ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಕೆಡಿಸುತ್ತವೆ. ಧಾರವಾಡ ಆಕಾಶವಾಣಿ ನಿಮ್ಮಲ್ಲಿ ಸಿಗುತ್ತದಾ ಅಂತ ಈಗಲೇ ಹಚ್ಚಿ ನೋಡಿ.

ಇನ್ನೊಂದು ಮಾತು. ಹೊಲದ ಬಾವಿಗೆ ಮೋಟರ್ ಇಳಿಸುವಾಗ ರಾಟೆ ಕಿತ್ತು ಹಾಕಿದ್ದರೆ, ಅದು ಕೊಟ್ಟಿಗೆಯಲ್ಲಿ ಎಲ್ಲಾದರೂ ಬಿದ್ದಿರುತ್ತದೆ. ಹುಡುಕಿ, ಎಣ್ಣೆ ಬಿಟ್ಟು ಮತ್ತೆ ಹಾಕಿಸಿ. ಹಗ್ಗ ಮಾತ್ರ ಹೊಸದೇ ತನ್ನಿ.