ಮೇಳದ ರಾತ್ರಿ, ಪೈಲಟ್‌ಗಳ ರಾತ್ರಿ

ಉಡುಪಿ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: “ಮಗ ದುಬೈಯಿಂದ ಬರುವುದು ಯಾವಾಗಲೂ ರಾತ್ರಿ ವಿಮಾನಕ್ಕೇ. ಪೈಲಟ್‌ಗಳಿಗೆ ನಿದ್ದೆ ಸಾಲುತ್ತಿಲ್ಲ ಎಂದು ಓದಿದೆ. ನಮ್ಮ ಯಕ್ಷಗಾನ ಮೇಳದವರು ಬೆಳಗಿನವರೆಗೆ ಕುಣಿಯುತ್ತಾರೆ. ಲಕ್ಷಗಟ್ಟಲೆ ಸಂಬಳದವರಿಗೆ ಒಂದು ರಾತ್ರಿ ನಿದ್ದೆಗೆಡಲು ಆಗುವುದಿಲ್ಲವೇ? ಹಗಲು ವಿಮಾನದಲ್ಲಿ ಬಾ ಎನ್ನಲೇ?”

ಅಮ್ಮ, ಮೇಳದಿಂದಲೇ ಶುರುಮಾಡುತ್ತೇನೆ. ಇಡೀ ರಾತ್ರಿ ಆಟ ಆಡುವ ಮೇಳದವರು ತಿರುಗಾಟಕ್ಕೆ ಹೊರಟರೆ, ಮೇ ಕೊನೆಗೆ ಆಟ ಮುಗಿಸುವ ಪತ್ತನಾಜೆಯವರೆಗೂ ರಾತ್ರಿ ಆಟ, ಹಗಲು ನಿದ್ದೆ. ಮೈ ಆ ಕ್ರಮಕ್ಕೆ ತಕ್ಕಮಟ್ಟಿಗೆ ಒಗ್ಗುತ್ತದೆ. ಪೈಲಟ್‌ಗೆ ಇಂದು ನಸುಕಿನ ಪಾಳಿ, ನಾಳಿದ್ದು ನಡುರಾತ್ರಿಯದು. ಒಗ್ಗುವ ಮೊದಲೇ ಪಾಳಿ ಬದಲು. ರಂಗಸ್ಥಳದಲ್ಲಿ ಚೆಂಡೆಯಿದೆ, ಕುಣಿತವಿದೆ. ಕಾಕ್‌ಪಿಟ್‌ನಲ್ಲಿ ಮಂದ ಬೆಳಕು, ಒಂದೇ ಸಮನೆ ಎಂಜಿನ್ ಸದ್ದು, ಬಹಳ ಹೊತ್ತು ಹಾರಾಟವೆಲ್ಲ ಆಟೋಪೈಲಟ್‌ನದು. ರಾತ್ರಿ 2ರಿಂದ ಬೆಳಗಿನ 6ರವರೆಗೆ ದೇಹದ ಎಚ್ಚರ ತೀರಾ ಕುಗ್ಗಿರುತ್ತದೆ, ಸಂಬಳ ಎಷ್ಟೇ ಇರಲಿ. ಸತತ 17 ಗಂಟೆ ಎಚ್ಚರವಿದ್ದವರು ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇರುವವರಂತೆ ತಡವರಿಸುತ್ತಾರೆಂದು 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಕಾಫಿ ಕುಡಿದರೆ ಸ್ವಲ್ಪ ಹೊತ್ತು ತಡೆದೀತು, ಅಷ್ಟೆ.

2010ರ ಮೇ 22 ನಿಮ್ಮ ಕಡೆಯವರಿಗೆ ಮರೆಯುವ ದಿನವಲ್ಲ. ಹಿಂದಿನ ರಾತ್ರಿ ಮಂಗಳೂರಿನಿಂದ ಹೊರಟ ಪೈಲಟ್‌ಗಳೇ ದುಬೈಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವನ್ನು ಮರಳಿ ತರುತ್ತಿದ್ದರು. ಕಾಕ್‌ಪಿಟ್‌ನ ಧ್ವನಿಮುದ್ರಿಕೆಯಲ್ಲಿ ಮೊದಲ 1 ಗಂಟೆ 40 ನಿಮಿಷ ಇಬ್ಬರ ನಡುವೆ ಮಾತೇ ಇಲ್ಲ. ಆಗಾಗ ಕೇಳಿದ್ದು ಕ್ಯಾಪ್ಟನ್‌ರ ಗೊರಕೆ. ಅಷ್ಟು ದೀರ್ಘ ನಿದ್ದೆಯಿಂದ ಎದ್ದವರಿಗೆ ಕಣ್ಣು ತೆರೆದರೂ ತೀರ್ಮಾನಿಸುವ ಶಕ್ತಿ ಕೂಡಲೇ ಮರಳುವುದಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ರನ್‌ವೇಯ ಅರ್ಧಕ್ಕೂ ಹೆಚ್ಚು ದಾಟಿ ನೆಲ ಮುಟ್ಟಿದ ವಿಮಾನ ಗುಡ್ಡದಿಂದ ಕೆಳಗುರುಳಿತು. 158 ಜನ ಹೋದರು, ಉಳಿದವರು 8. ಇಳಿಯುವ ಪ್ರಯತ್ನ ಕೈಬಿಡದಿದ್ದದ್ದೇ ನೇರ ಕಾರಣ ಎಂದ ತನಿಖಾ ವರದಿ, ಆ ದೀರ್ಘ ನಿದ್ದೆಯನ್ನೂ ಅದರ ಜೊತೆಗೆ ಹೆಸರಿಸಿತು.

ಇದಾಗಿ 14 ವರ್ಷಕ್ಕೆ, 2024ರ ಜನವರಿಯಲ್ಲಿ, ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಲ್ಯಾಂಡಿಂಗ್‌ಗಳ ಮಿತಿಯನ್ನು 6ರಿಂದ 2ಕ್ಕೆ ಇಳಿಸಿತು. ಪೂರ್ತಿ ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ಹೊಸ ನಿಯಮಕ್ಕೆ ಪೈಲಟ್‌ಗಳು ಸಾಲದೆ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ಹಾರಾಟ ರದ್ದಾದಾಗ ಆ ಸಂಸ್ಥೆಗೆ ರಾತ್ರಿಯ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಸಿಕ್ಕಿತು. ಬೆಂಗಳೂರಿನಲ್ಲಿ ಸಿಕ್ಕಿಬಿದ್ದವರ ಸಂಕಟ ದೊಡ್ಡದೇ. ಆದರೂ ಆ ವಿನಾಯಿತಿ ತಪ್ಪೆಂದೇ ನನ್ನ ನಂಬಿಕೆ. ಜನ ಸಾಲದಿದ್ದರೆ ಹಾರಾಟ ಕಡಿಮೆ ಮಾಡಬೇಕು, ನಿದ್ದೆಯನ್ನಲ್ಲ.

ಮಗ ರಾತ್ರಿ ವಿಮಾನಕ್ಕೇ ಬರಲಿ, ಹೆದರಬೇಡಿ. ಪೈಲಟ್‌ಗಳ ಡ್ಯೂಟಿ ಅವಧಿ ಮುಗಿದು ವಿಮಾನ ತಡವಾದರೆ ಕೌಂಟರ್‌ನಲ್ಲಿ ಕೂಗಾಡಬೇಡ ಎಂದು ಮಾತ್ರ ಹೇಳಿ. ಇಳಿಯಬೇಕಾದ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ಮೇಲೆ ಮತ್ತೆ ಏರಿ ಒಂದು ಸುತ್ತು ಹಾಕಿದರೆ ಗಾಬರಿಯಾಗಬೇಡ ಎಂದೂ ಹೇಳಿ. ಅಂದು ಆ ಸಹಪೈಲಟ್ ಕೇಳಿದ್ದು ಅದನ್ನೇ.

— ಸಂಪಾದಕ