ಮಾರ್ಚ್‌ನಲ್ಲಿ ಕೊಟ್ಟ ಕಿಟ್ ಡಿಸೆಂಬರ್‌ವರೆಗೆ ಪೆಟ್ಟಿಗೆಯಲ್ಲೇ

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಕೃಷಿ ರೋಬೋಟಿಕ್ಸ್ ಕಲಿಸಲು ನಿಮ್ಮ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಕೊಡುತ್ತೀರಿ ಅಂದರೆ ನಮಗೆ ನಿಜಕ್ಕೂ ಸಂತೋಷ. ಆದರೆ ದಯವಿಟ್ಟು ಮಾರ್ಚ್‌ನಲ್ಲಿ ಕೊಡಬೇಡಿ. ನಿಮ್ಮಲ್ಲಿ ಲೆಕ್ಕ ಮುಗಿಸುವ ತಿಂಗಳು, ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮತ್ತೆ ಎರಡು ತಿಂಗಳು ರಜೆ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಮಳೆ ಹಿಡಿದಿರುತ್ತದೆ. ಅಡಕೆ ತೋಟಕ್ಕೆ ನೀರು ಬೇಕಾಗುವುದು ಡಿಸೆಂಬರ್‌ನಿಂದ ಮೇ ತನಕ. ಅಷ್ಟರಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ತೇವಕ್ಕೆ ಜಂಪರ್ ವಯರುಗಳ ಪಿನ್ನು ಕಿಲುಬು ಹಿಡಿದಿರುತ್ತದೆ.

ಸಾಮಾನು ಅಕ್ಟೋಬರ್‌ಗೆ ಕೈಸೇರಲಿ. ಒಂದು ವರ್ಷಕ್ಕೆ ಮುಗಿಯದ ‘ಚಾಲ್ತಿ ಯೋಜನೆ’ ಎಂದು ಕಂಪನಿಯ ನಿರ್ದೇಶಕರ ಮಂಡಳಿ ಒಪ್ಪಿದ್ದರೆ, ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಿ 3 ಆರ್ಥಿಕ ವರ್ಷಗಳೊಳಗೆ ಖರ್ಚು ಮಾಡಲು ಕಾನೂನಿನಲ್ಲೇ ದಾರಿಯಿದೆ.

ಇನ್ನು ಏನು ಕೊಡಬೇಕು? ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳ ಸರ್ಕಾರದ ‘ಕೈಟ್’ ಸಂಸ್ಥೆ ಹೈಸ್ಕೂಲುಗಳಿಗೆ ಆರ್ಡುಯಿನೊ (ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಬೋರ್ಡು), ಎಲ್‌ಇಡಿ, ಬಜರ್, ಪುಟ್ಟ ಸರ್ವೊ ಮೋಟಾರ್ ಇರುವ ಕಿಟ್ ಕೊಟ್ಟಿದೆ. ಅದನ್ನೇ ಮತ್ತೆ ಕೊಡುವುದು ಬೇಡ. ಬೇಕಾಗಿರುವುದು ಅದನ್ನು ತೋಟಕ್ಕೆ ಇಳಿಸುವ ಭಾಗಗಳು: ಮಣ್ಣಿನ ತೇವದ ಸೆನ್ಸರ್, ರಿಲೇ (ಬೋರ್ಡಿನ ಮಾತು ಕೇಳಿ ಪಂಪು ಹೊರಡಿಸಿ ನಿಲ್ಲಿಸುವ ಸ್ವಿಚ್ಚು), 12 ವೋಲ್ಟ್ ಪಂಪು, ಬ್ಯಾಟರಿ, ಫ್ಲೋಟ್ ಸ್ವಿಚ್ (ಟಾಂಕಿಯ ನೀರು ಇಳಿದರೆ ಪಂಪು ನಿಲ್ಲಿಸುವ ತೇಲು ಸ್ವಿಚ್ಚು), ಡ್ರಿಪ್ ಪೈಪು.

ಸೆನ್ಸರಿನಲ್ಲಿ ಎರಡು ಕಡ್ಡಿಯ ಅಗ್ಗದ್ದು ಬೇಡ. ಮಣ್ಣಿನ ಮೂಲಕ ಕರೆಂಟು ಹರಿದು ಕಡ್ಡಿಯ ತಾಮ್ರ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಮಣ್ಣಿಗೆ ಕರೆಂಟು ಹರಿಸದೆ ತೇವ ಅಳೆಯುವ ಕೆಪ್ಯಾಸಿಟಿವ್ ಸೆನ್ಸರ್ ಬಾಳಿಕೆ ಬರುತ್ತದೆ, ಆದರೆ ಅದರ ಪಟ್ಟಿಯ ಕತ್ತರಿಸಿದ ಅಂಚಿಗೆ ಮತ್ತು ಮೇಲಿನ ಬಿಡಿಭಾಗಗಳಿಗೆ ಉಗುರಿಗೆ ಹಚ್ಚುವ ಬಣ್ಣವನ್ನಾದರೂ ಎರಡು ಸಲ ಬಳಿಯಬೇಕು. ಬಳಿಯದಿದ್ದರೆ ಅಂಚಿನಿಂದ ನೀರು ಒಳಸೇರಿ ಸೆನ್ಸರ್ ಸದಾ ‘ಒದ್ದೆ’ ಅನ್ನುತ್ತದೆ, ಪಂಪು ಹೊರಡುವುದಿಲ್ಲ, ಸಸಿ ಬಾಡುತ್ತದೆ. ಒಣ ಅಳತೆ, ಒದ್ದೆ ಅಳತೆ ಎರಡನ್ನೂ ಲೋಟದ ನೀರಿನಲ್ಲಲ್ಲ, ಅದೇ ತೋಟದ ಮುರ (ಕೆಂಪುಕಲ್ಲಿನ) ಮಣ್ಣಿನಲ್ಲೇ ತೆಗೆಯಬೇಕು. ಪಂಪು ಹೊರಡುವ ಅಂಕೆ ಒಂದು, ನಿಲ್ಲುವ ಅಂಕೆ ಇನ್ನೊಂದು ಇರಲಿ. ಎರಡಕ್ಕೂ ಒಂದೇ ಅಂಕೆ ಇಟ್ಟರೆ ರಿಲೇ ಟಕಟಕ ಬಡಿದುಕೊಂಡೇ ಸಾಯುತ್ತದೆ.

ಪಂಪಿಗೆ ಬೇರೆಯೇ ಬ್ಯಾಟರಿ. ಆರ್ಡುಯಿನೊದಿಂದಲೇ ಕರೆಂಟು ಎಳೆದರೆ ಬೋರ್ಡು ಪದೇಪದೇ ರೀಸೆಟ್ ಆಗುತ್ತದೆ. ಪಂಪು ನಿಲ್ಲುವಾಗ ಹಿಮ್ಮುಖವಾಗಿ ಚಿಮ್ಮುವ ವೋಲ್ಟೇಜನ್ನು ತಡೆಯಲು ಅದರ ಎರಡು ತುದಿಗಳ ನಡುವೆ 1ಎನ್4007 ಡಯೋಡ್ ಒಂದು, ಬೆಳ್ಳಿ ಗೆರೆ ಪ್ಲಸ್ ಕಡೆಗೆ. ಹೊರಗಿನವರು ಮರೆಯುವುದು ಫ್ಲೋಟ್ ಸ್ವಿಚ್ಚನ್ನು. ಇಲ್ಲಿ ಎಷ್ಟೋ ಕಡೆ ನೀರು ಬರುವುದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ. ಏಪ್ರಿಲ್‌ನಲ್ಲಿ ಅದರ ಒರತೆ ಸಣ್ಣದಾಗಿ ಟಾಂಕಿ ಬರಿದಾದರೆ, ಖಾಲಿ ಓಡಿದ ಪಂಪು ಸುಟ್ಟುಹೋಗುತ್ತದೆ.

ಹಣದ ಹಂಚಿಕೆಗೆ ಕೇಂದ್ರ ಸರ್ಕಾರ ಶಾಲೆಗಳಿಗೆ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್‌ನ ಲೆಕ್ಕ ಒಳ್ಳೆಯ ಮಾದರಿ: 20 ಲಕ್ಷದಲ್ಲಿ 10 ಲಕ್ಷ ಸಾಮಾನಿಗೆ, 10 ಲಕ್ಷ 5 ವರ್ಷ ನಡೆಸುವುದಕ್ಕೆ. ನೀವು ಕೊಡುವುದು 1 ಲಕ್ಷವಾದರೂ ಅರ್ಧವನ್ನು ಬಿಡಿಭಾಗ, ದುರಸ್ತಿ ಮತ್ತು ಕನ್ನಡದ ಪಾಠಹಾಳೆಗಳಿಗೆ ಎತ್ತಿಡಿ. ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬರುವ ಊರು ಇದು. ಆಗ ಎಂಟನೆಯ ತರಗತಿಯ ಹುಡುಗಿ ಡಯೋಡಿನ ಗೆರೆ ಯಾವ ಕಡೆಗೆ ಎಂದು ನೋಡಿಕೊಳ್ಳುವುದು ಆ ಹಾಳೆಯಲ್ಲೇ.