ರಾಯಚೂರು ಕಡೆ ಹೆರಿಗೆ ವಾರ್ಡಿನ ಸಿಸ್ಟರ್‌ಗಳು ಯಾಕೆ ಅಷ್ಟು ಸಿಡುಕುತ್ತಾರೆ?

ಬಹುತೇಕ ಅದು ಸೊಕ್ಕಲ್ಲ, ದಣಿವು. ತಾಯಿ-ಮಗುವಿನ ಹೊಣೆಯೆಲ್ಲ ಅವರ ತಲೆ ಮೇಲೆ, ಕೈಯಲ್ಲಿರುವ ಅಧಿಕಾರ ಮಾತ್ರ ಕಡಿಮೆ. ಮನಸ್ಸನ್ನು ಹೆಚ್ಚು ಹಣಿಯುವುದು ಇದೇ.

ಹೆರಿಗೆಗೆ ಹೊತ್ತುಗೊತ್ತಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದಾಗ ಎರಡು ಟೇಬಲ್ಲಿನಲ್ಲೂ ಒಟ್ಟಿಗೇ ನೋವು ಜೋರಾಗಬಹುದು. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ (ಗರ್ಭಕೋಶ ಬಿಗಿಮಾಡಿ ರಕ್ತಸ್ರಾವ ತಡೆಯುವ ಇಂಜೆಕ್ಷನ್) ಕೊಡಬೇಕು. ಮಗು ಉಸಿರಾಡದಿದ್ದರೆ ಅದೇ ನಿಮಿಷದಲ್ಲಿ ಬ್ಯಾಗ್-ಮಾಸ್ಕ್ (ಮೂಗು-ಬಾಯಿಗೆ ಇಟ್ಟು ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿಯಬೇಕು. ರಕ್ತ ನಿಲ್ಲದೆ ಲಿಂಗಸುಗೂರಿನಿಂದ ರಾಯಚೂರಿಗೆ ಕಳಿಸಬೇಕಾದರೆ ದಾರಿಯೇ ಹತ್ತಿರಹತ್ತಿರ ಎರಡು ತಾಸು. ಬಾಗಿಲ ಹೊರಗೆ ಹತ್ತು ಜನ ಸಂಬಂಧಿಕರು, "ಏನಾತ್ರೀ ಸಿಸ್ಟರ್?" ಅಂತ ಐದೈದು ನಿಮಿಷಕ್ಕೆ ಕೇಳುತ್ತಾರೆ. ಅವರದೂ ತಪ್ಪಲ್ಲ ಬಿಡಿ. ಇದೆಲ್ಲ ಮುಗಿದ ಮೇಲೆ ಕೇಸ್‌ಶೀಟ್, ರಿಜಿಸ್ಟರ್.

ಈ ದಣಿವಿಗೆ ಯೋಗ, ಧ್ಯಾನ ಕೆಟ್ಟದ್ದೇನಲ್ಲ. ಆದರೆ ಪಾಳಿಗೆ ಇನ್ನೊಬ್ಬರು ಬಂದರೆ ಆಗುವ ಉಪಕಾರ ಅದರಿಂದ ಆಗದು. ಕೇಸು ಕೈಮೀರಿದ ದಿನ ಜೊತೆಯವರೆಲ್ಲ ಕೂತು, ಯಾರ ಮೇಲೂ ತಪ್ಪು ಹೊರಿಸದೆ, ನಡೆದದ್ದನ್ನು ಮಾತಾಡಿಕೊಂಡರೆ ನಿಜಕ್ಕೂ ಹಗುರವಾಗುತ್ತದೆ. ಸದ್ಯಕ್ಕೆ ಆ ಮಾತು ನಡೆಯುವುದು ಬಟ್ಟೆ ಬದಲಿಸುವ ಕೋಣೆಯಲ್ಲಿ, ಆರಿದ ಚಹಾ ಹಿಡಿದುಕೊಂಡು, ಮುಂದಿನ ಪಾಳಿಯವರು ಬರುವಷ್ಟರಲ್ಲಿ.